ಹೊಕ್ಕುಳು ಹುಡುಕುವುದು

ಜುಲೈ. ಬೆಳಗಿನ ಆರಕ್ಕೇ ಆಲ್ಬುಕರ್ಕಿಯ ನೆಲ
ಕಾವಲಿಯ ಹಾಗೆ ಕಾಯತೊಡಗುತ್ತದೆ.
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದವಳು
ಬಟ್ಟೆಯನ್ನೂ ಬದಲಿಸದೆ
ಅಂಗಳದ ಹುಲ್ಲಿನಲ್ಲಿ ಮಂಡಿಯೂರುತ್ತೇನೆ.
ಹುಲ್ಲೆಂದರೆ ಹುಲ್ಲೇನಲ್ಲ,
ಮನೆ ಮಾರಿದವರು ಫೋಟೋಕ್ಕೆಂದು ಹಾಸಿದ ಹಸಿರು ಪಟ್ಟಿ,
ಎರಡು ಬೇಸಿಗೆಗೆ ತೇಪೆ ತೇಪೆ.
ತೇಪೆಯ ಸಂದಿನಲ್ಲಿ ನೆಗ್ಗಿಲು.

ಎಷ್ಟು ಮುದ್ದಾಗಿ ಬಂತು ಗೊತ್ತೆ!
ಹುಣಸೆ ಚಿಗುರಿನಂಥ ಎಲೆ,
ಶರಟಿನ ಗುಂಡಿಯಷ್ಟು ಹಳದಿ ಹೂ, ಐದೇ ಎಸಳು.
ಮಿರೇಯಾ ಮೊದಲ ದಿನ ಕಿವಿಗೆ ಸಿಕ್ಕಿಸಿಕೊಂಡಿದ್ದಳು.
ಕೇಳದೆಯೂ ಬಂದದ್ದಲ್ಲವೇ ಎಂದು
ನಾನೊಂದು ಲೋಟ ನೀರೆರೆದೆ.
ಅದನ್ನು ಈವರೆಗೆ ಯಾರಿಗೂ ಹೇಳಿಲ್ಲ.

ಮೂರೇ ವಾರಕ್ಕೆ ಅವಳ ಸೈಕಲ್ಲಿನ
ಎರಡೂ ಚಕ್ರ ಉಸಿರು ಬಿಟ್ಟವು.
ಟ್ಯೂಬನ್ನು ಬಕೆಟ್ಟಿನಲ್ಲಿ ಅದ್ದಿದರೆ
ಹನ್ನೊಂದು ಕಡೆ ಗುಳುಗುಳು.
ಪಂಕ್ಚರ್ ಡಬ್ಬಿಯಲ್ಲಿದ್ದ ತೇಪೆ ಎಂಟು.

ಬೇಲಿಯಾಚೆಯಿಂದ ನಿಕಾನೋರ್ ನಕ್ಕ.
ಮೂವತ್ತೊಂದು ವರ್ಷ ಟಪಾಲು ಹಂಚಿದವನು,
ಈ ಬೀದಿಯ ಪ್ರತಿ ನಾಯಿಯನ್ನೂ ಪ್ರತಿ ಮುಳ್ಳನ್ನೂ
ಕಾಲಿನಿಂದಲೇ ಬಲ್ಲವನು.
"ತೊರಿತೊ" ಅಂದ. ಪುಟ್ಟ ಗೂಳಿ.
ಅಂಗೈಯಲ್ಲಿಟ್ಟು ತೋರಿಸಿದ:
ಗಿಡ್ಡ ಮೂತಿ, ಎರಡು ಕೊಂಬು,
ಹೇಗೆ ಎಸೆದರೂ ಒಂದು ಕೊಂಬು ಮೇಲೆ.
"ತೋಳು ಹಿಡಿದು ಎಳೀಬೇಡ ಮಗಳೆ,
ತೋಳು ಬಿಟ್ಟುಕೊಟ್ಟು ಬದುಕಿಕೊಳ್ಳುತ್ತೆ.
ಹೊಕ್ಕುಳು ಹುಡುಕು."

ಹುಡುಕಿದೆ.
ನೆಲಕ್ಕೆ ಕವುಚಿ, ದಿಕ್ಕುದಿಕ್ಕಿಗೆ ತೋಳು ಚಾಚಿದ ಬಳ್ಳಿ.
ಬೆರಳಲ್ಲಿ ತಡವುತ್ತ ತಡವುತ್ತ ಹೋದರೆ
ನಡುವಿನಲ್ಲೊಂದು ಗಂಟು.
ಅದರಡಿಗೆ ಹಳೆಯ ಅಡುಗೆ ಚಾಕು ಇಳಿಸಿ,
ತುಸುವೇ ತಿರುವಿ, ಮೆಲ್ಲಗೆ...
ಟಕ್ಕೆಂದು ಬಿಟ್ಟುಕೊಡುತ್ತದೆ ಮಣ್ಣು.
ಇಡೀ ಬಳ್ಳಿ ಜಡೆಯ ಹಾಗೆ ಒಂದೇ ಹಿಡಿಗೆ ಎದ್ದು ಬರುತ್ತದೆ.
ಆ ಖುಷಿಯನ್ನು ಏನೆಂದು ಹೇಳಲಿ,
ಸಂಬಳದ ದಿನವೂ ಅಷ್ಟಿರುವುದಿಲ್ಲ.

ಉದುರಿದ ಕಾಯಿಗಳದ್ದು ಬೇರೆ ಕಥೆ.
ಮುಳ್ಳಿನ ಮೇಲೆ ಬಟ್ಟೆ ಬಿದ್ದರೆ
ನಿಧಾನ ಬಿಡಿಸಬೇಕು ಅನ್ನುತ್ತಾರಲ್ಲ,
ಇಲ್ಲಿ ಬೇಕೆಂದೇ ಬೀಳಿಸಬೇಕು.
ರೂಬೆನ್ ಬಿಟ್ಟುಹೋದ ಕೆಂಪು ಜಮಖಾನೆಗೆ
ಮೊದಲ ಸಲ ಒಂದು ಉದ್ಯೋಗ ಸಿಕ್ಕಿತು.
ಹಗ್ಗ ಕಟ್ಟಿ, ಮೇಲೊಂದು ಬೇಕಿಂಗ್ ತಟ್ಟೆ ಇಟ್ಟು,
ಭಾರಕ್ಕೆಂದು ಮಿರೇಯಾಳನ್ನು ಕೂರಿಸಿ
ಅಂಗಳದುದ್ದಕ್ಕೂ ಎಳೆದೆ.
ಬೀದಿಯಲ್ಲಿ ಹೋಗುವವರಿಗೆಲ್ಲ ಅವಳು ಕೈಬೀಸಿದ್ದೇ ಬೀಸಿದ್ದು.
ತಿರುವಿ ಹಾಕಿದರೆ
ಜಮಖಾನೆಯ ಹೊಟ್ಟೆಯ ತುಂಬ ಗೂಳಿಗಳು.

ಆಗಸ್ಟಿಗೆ ಅಂಗಳ ನುಣ್ಣಗೆ.
ಬರಿಗಾಲಲ್ಲಿ ನಡೆದೆ. ಹತ್ತು ಹೆಜ್ಜೆ.
ಹನ್ನೊಂದನೆಯದಕ್ಕೆ
ಅಯ್ಯಯ್ಯೋ ಎಂದು ಒಂಟಿಕಾಲಲ್ಲಿ ಕುಣಿದೆ.

ಬೇಲಿಯಾಚೆ ಕೆಕ್ಕರಿಸಿದೆ: ಅಲ್ಲಿಂದಲೇ ಬಂದಿರಬೇಕು!
ನಿಕಾನೋರ್ ಏನೂ ಅನ್ನಲಿಲ್ಲ.
ಗೇಟು ದಾಟಿ ಬಂದು, ಮೆಟ್ಟಿಲ ಮೇಲಿದ್ದ
ನನ್ನ ಪಾಳಿಯ ಬೂಟನ್ನೆತ್ತಿ ಬೋರಲು ಹಿಡಿದ.
ರಬ್ಬರಿನ ಗೆರೆಗೆರೆಯಲ್ಲಿ ಒತ್ತಾಗಿ ಕೂತಿದ್ದವು,
ಆಸ್ಪತ್ರೆಯ ಪಾರ್ಕಿಂಗಿನಿಂದ
ಟಿಕೆಟ್ಟಿಲ್ಲದೆ ಸವಾರಿ ಬಂದವು.
ದಿನಾ ಕೀಳುವವಳು ನಾನು.
ಕೀಳಲು ನಡೆದು ಬರುತ್ತಲೇ
ದಿನಾ ಬಿತ್ತಿದವಳೂ.

ಈಗ ಬೂಟು ಗೇಟಿನಾಚೆಯೇ.
ಸಂಜೆ ಮಿರೇಯಾ ಹುಬ್ಬಿನ ಚಿಮಟ ಹಿಡಿದು
ಒಂದೊಂದೇ ಕಿತ್ತು ಕಾಫಿ ಡಬ್ಬಿಗೆ ಹಾಕುತ್ತಾಳೆ.
ಟಿಣ್. ಟಿಣ್. ಇಪ್ಪತ್ತೇಳು.
"ಇನ್ನೂ ಎಷ್ಟು ವರ್ಷ ಬರುತ್ತೆ?"
"ಬೀಜ ಮಣ್ಣಲ್ಲಿ ಐದು ವರ್ಷ ಕಾಯುತ್ತೆ.
ಹಟಮಾರಿಯಾದ್ರೆ ಏಳು" ಎಂದ ನಿಕಾನೋರ್.
ಬೆರಳು ಮಡಿಸಿ ಲೆಕ್ಕ ಹಾಕಿದಳು, ಒಂಬತ್ತಕ್ಕೆ ಏಳು:
"ಹದಿನಾರು. ಆಗ ಕಾರು ಓಡಿಸ್ತೀನಿ ಬಿಡಿ."

ಡಬ್ಬಿಯ ಮುಚ್ಚಳ ಒತ್ತುತ್ತೇನೆ.
ಗೇಟಿನ ಬುಡದ ಸಿಮೆಂಟಿನ ಬಿರುಕಲ್ಲಿ
ಹುಣಸೆ ಚಿಗುರಿನಂಥದೊಂದು.
ಚಾಕು ಒಳಗಿದೆ, ತರಲು ಏಳುತ್ತೇನೆ.
ಅವಳು ಆಗಲೇ ಮಂಡಿಯೂರಿದ್ದಾಳೆ,
ಬೆರಳಲ್ಲಿ ತಡವುತ್ತ, ತಡವುತ್ತ.